ಕಡಲೊಳಗೆ ಇಳಿದ ಕಿವಿ

(ಪೋಷಕರ ಹಾಗೂ ಹಳೆ ವಿದ್ಯಾರ್ಥಿಗಳ ವಾರ್ಷಿಕ ಕೂಟದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂತಹ ಕೂಟದಲ್ಲಿ ಮುಖ್ಯೋಪಾಧ್ಯಾಯನಾದವನು ಪರೀಕ್ಷೆಯ ಫಲಿತಾಂಶವನ್ನೋ ಕಟ್ಟಡದ ನಿಧಿಯನ್ನೋ ಕುರಿತು ಮಾತನಾಡುವುದು ವಾಡಿಕೆ. ಅವೆರಡನ್ನೂ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ನಮಗಿಂತ ಚೆನ್ನಾಗಿ ಹೇಳಿ ಮುಗಿಸಿದ್ದಾರೆ. ಆದುದರಿಂದ ಇಂದು ಒಂದು ಕಿವಿಯ ಸಂಗತಿಯನ್ನು ತಮ್ಮ ಮುಂದಿಡಲು ಅಪ್ಪಣೆಯನ್ನು ಬೇಡುತ್ತೇವೆ. ಅದರಲ್ಲಿ ನಮ್ಮದೂ ಒಂದು ತಪ್ಪುಂಟು. ಅದನ್ನು ಮುಚ್ಚಿಡುವುದಿಲ್ಲ.

ಈ ಶಾಲೆಯಲ್ಲಿಯೇ ಹತ್ತನೆಯ ತರಗತಿಯವರೆಗೆ ಓದಿ ಈಗ ಮಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬನು 2023ರ ಡಿಸೆಂಬರಿನಲ್ಲಿ ಗೆಳೆಯರೊಡನೆ ಮುರುಡೇಶ್ವರಕ್ಕೆ ಹೋದನು. ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪದ ಬಳಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ನೀರಿನಡಿಗೆ ಇಳಿಯುವ ಸ್ಕೂಬಾ ಎಂಬ ವಿನೋದವು ಮಳೆಗಾಲ ಕಳೆದ ಮೇಲೆ ನಡೆಯುತ್ತದೆ. ಆತನಿಗೆ ಆ ದಿನ ನೆಗಡಿಯಿತ್ತು. ದೋಣಿಯನ್ನೇರುವ ಮುನ್ನ ಕೊಟ್ಟ ಕಾಗದದಲ್ಲಿ ನೆಗಡಿಯುಂಟೇ ಎಂಬ ಪ್ರಶ್ನೆಯೂ ಇತ್ತು. ಹಣ ತೆತ್ತಾಗಿತ್ತು, ಗೆಳೆಯರು ಕಾಯುತ್ತಿದ್ದರು, ಇಲ್ಲವೆಂದು ಬರೆದನು. ಹಗ್ಗ ಹಿಡಿದು ಎರಡು ಮೀಟರು ಇಳಿಯುವಷ್ಟರಲ್ಲಿ ಬಲಗಿವಿಯಲ್ಲಿ ನೋವು ಕಾಣಿಸಿತು. ಶಿಕ್ಷಕನಿಗೆ ಸನ್ನೆ ಮಾಡದೆ ಮೂಗು ಹಿಡಿದು ಬಲವಾಗಿ ಊದಿದನು. ಇನ್ನೂ ಸ್ವಲ್ಪ ಇಳಿದಾಗ ಕಿವಿಯೊಳಗೆ ಟಪ್ಪೆಂಬ ಸದ್ದಾಯಿತಂತೆ. ತಣ್ಣನೆಯದೇನೋ ಒಳಹೊಕ್ಕಂತಾಗಿ ಅರೆನಿಮಿಷ ಲೋಕವೆಲ್ಲ ಗಿರ್ರನೆ ತಿರುಗಿ, ಬಳಿಕ ನೋವೇ ಮಾಯವಾಯಿತು. ಸರಿಹೋಯಿತೆಂದು ಆತನು ಸಂತೋಷಪಟ್ಟನು.

ಮರುದಿನ ಊರಿಗೆ ಬಂದವನು ನಮ್ಮನ್ನು ಕಾಣಲು ಬಂದು, “ಕಿವಿ ಮುಚ್ಚಿದ ಹಾಗುಂಟು ಮಾಷ್ಟ್ರೆ, ಗುಂಯ್ ಎನ್ನುತ್ತದೆ” ಎಂದನು. ನಾವೇನೆಂದೆವು? “ನೀರು ಹೊಕ್ಕಿರಬೇಕು ಮಾರಾಯ, ತಲೆಯನ್ನು ಆ ಬದಿಗೆ ವಾಲಿಸಿ ಒಂಟಿಕಾಲಿನಲ್ಲಿ ಕುಣಿ” ಎಂದೆವು. ಬಾಲ್ಯದಲ್ಲಿ ದೇವಸ್ಥಾನದ ಕೆರೆಯಲ್ಲಿ ಈಜಿ ಬಂದಾಗ ನಾವೂ ಹಾಗೆಯೇ ಮಾಡುತ್ತಿದ್ದೆವು. ಮನೆಯಲ್ಲಿ ಆತನ ಅಜ್ಜಿಯವರು ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಉಗುರು ಬೆಚ್ಚಗೆ ಕಿವಿಗೆ ಬಿಟ್ಟರು. ಮೂರನೆಯ ದಿನಕ್ಕೆ ಕಿವಿ ಸೋರತೊಡಗಿತು. ಮಂಗಳೂರಿನ ಕಿವಿಯ ವೈದ್ಯರು ದೀಪ ಹಿಡಿದು ನೋಡಿ, ಕಿವಿತಮಟೆಯಲ್ಲಿ ರಂಧ್ರವಾಗಿದೆ, ಎಣ್ಣೆ ಒಳಗಿವಿಯ ಬಾಗಿಲವರೆಗೆ ಹೋಗಿದೆ ಎಂದರು. ಈ ತರುಣನು ನಮ್ಮೂರ ಯಕ್ಷಗಾನ ಸಂಘದ ಮದ್ದಳೆಗಾರನೆಂಬುದನ್ನು ತಾವು ಬಲ್ಲಿರಿ. ಆ ಋತುವಿನಲ್ಲಿ ಮದ್ದಳೆಗೆ ಶ್ರುತಿ ಕೂಡಿಸಲಾರದೆ ಆತನು ರಂಗದ ಹಿಂದೆ ಕುಳಿತಿದ್ದುದನ್ನು ನಾವು ಕಂಡಿದ್ದೇವೆ.

ನಾಚಿಕೆಯ ಮಾತೆಂದರೆ, ವಿಜ್ಞಾನದ ಅಧ್ಯಾಪಕರ ಹುದ್ದೆ ಖಾಲಿಯಿದ್ದ ವರ್ಷಗಳಲ್ಲಿ, ಬಿ.ಎ. ಓದಿದ ನಾವೇ ಮಕ್ಕಳಿಗೆ ಬಾಯ್ಲನ ನಿಯಮವನ್ನು ಕರಿಹಲಗೆಯ ಮೇಲೆ ಬರೆದು ಕಲಿಸಿದವರು. ಆ ನಿಯಮವೇ ಒಬ್ಬ ಹುಡುಗನ ಕಿವಿಯಾಗಿ ನಮ್ಮ ಜಗಲಿಗೆ ಬಂದು ನಿಂತಾಗ ನಮಗೆ ಗುರುತು ಸಿಗಲಿಲ್ಲ. ಆತನ ತೊಂದರೆಯು ನೀರಿನಿಂದ ಮೊದಲಾದುದಲ್ಲ, ಗಾಳಿಯಿಂದ ಮೊದಲಾದುದು.

ಕಿವಿತಮಟೆಯ ಹಿಂದೆ ನಡುಗಿವಿಯೆಂಬ ಪುಟ್ಟ ಗಾಳಿಯ ಕೋಣೆಯುಂಟು. ಆ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಸುಮಾರು ಮೂರೂವರೆ ಸೆಂಟಿಮೀಟರು ಉದ್ದದ ಒಂದು ನಾಳವಿದೆ. ಅದೇ ಯೂಸ್ಟೇಶಿಯನ್ ನಾಳ. ಸಾಮಾನ್ಯವಾಗಿ ಅದು ಮುಚ್ಚಿಕೊಂಡಿದ್ದು, ನಾವು ಉಗುಳು ನುಂಗಿದಾಗ ಅಥವಾ ಆಕಳಿಸಿದಾಗ ಕ್ಷಣಕಾಲ ತೆರೆಯುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿಯನ್ನಿಳಿದು ಬರುವಾಗ ಕಿವಿ ಮುಚ್ಚಿದಂತಾಗಿ, ಉಗುಳು ನುಂಗಿದೊಡನೆ ಬಿಟ್ಟುಕೊಳ್ಳುವುದು ಇದರಿಂದಲೇ. ಆ ಸುಮಾರು ಸಾವಿರ ಮೀಟರಿನ ಇಳಿತದಲ್ಲಿ ಗಾಳಿಯ ಒತ್ತಡವು ಎಷ್ಟು ಹೆಚ್ಚುವುದೋ, ಕಡಲಿನಲ್ಲಿ ಒಂದು ಮೀಟರು ಇಳಿದಾಗ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಬಸ್ಸಿಗೆ ಬಹಳ ಹೊತ್ತು ಬೇಕು. ಮುಳುಗುವವನಿಗೆ ಕೆಲವು ಸೆಕೆಂಡು ಸಾಕು.

ಹತ್ತು ಮೀಟರು ಇಳಿದರೆ ಒತ್ತಡವು ಇಮ್ಮಡಿಯಾಗಿ, ಮುಚ್ಚಿದ ಚೀಲದಲ್ಲಿಯ ಗಾಳಿಯು ಅರ್ಧಕ್ಕೆ ಕುಗ್ಗುತ್ತದೆ. ಇಪ್ಪತ್ತು ಮೀಟರಿನಲ್ಲಿ ಮೂರನೆಯ ಒಂದು ಪಾಲಾಗುತ್ತದೆ. ಮೊದಲ ಹತ್ತು ಮೀಟರಿನಲ್ಲಿ ಅರ್ಧ ಹೋಯಿತು, ಮುಂದಿನ ಹತ್ತರಲ್ಲಿ ಆರನೆಯ ಒಂದು ಪಾಲು ಮಾತ್ರ. ಆದುದರಿಂದ ಆಳವೇ ಅಪಾಯ, ಮೇಲೆಮೇಲೆ ಇದ್ದರೆ ಭಯವಿಲ್ಲ ಎಂಬ ಲೆಕ್ಕ ಕಿವಿಯ ಮಟ್ಟಿಗೆ ತಲೆಕೆಳಗು. ನಾಳವು ತೆರೆದು ಗಾಳಿ ಸೇರದಿದ್ದರೆ ನಡುಗಿವಿಯು ಹೀರಿದಂತಾಗಿ ತಮಟೆ ಒಳಕ್ಕೆ ಬಾಗುತ್ತದೆ, ಒಳಪೊರೆ ಬಾತು ನೀರೋ ರಕ್ತವೋ ಜಿನುಗುತ್ತದೆ, ಕೊನೆಗೆ ತಮಟೆ ಹರಿಯುತ್ತದೆ. ಸುಮಾರು ಒಂದೂಕಾಲು ಮೀಟರಿನಷ್ಟು ನೀರಿನ ಒತ್ತಡದ ಅಂತರವಾದರೆ ನಾಳದ ಬಾಯಿ ಬಿಗಿದು ಅಂಟಿಕೊಳ್ಳುತ್ತದೆ. ಆಮೇಲೆ ನುಂಗಿದರೂ ತೆರೆಯದು. ಆದಕಾರಣ ನೋವು ಬಂದ ಮೇಲೆ ಊದುವುದಲ್ಲ; ನೀರಿನ ಮೇಲಿರುವಾಗಲೇ ಒಮ್ಮೆ, ಅನಂತರ ಅರ್ಧರ್ಧ ಮೀಟರಿಗೊಮ್ಮೆ, ನೋವಿಗೆ ಮುಂಚೆಯೇ ಗಾಳಿಯನ್ನು ಸರಿದೂಗಿಸಿಕೊಳ್ಳಬೇಕು. ಕಾಲು ಕೆಳಗಾಗಿ ಇಳಿಯುವುದು ಲೇಸು. ಬಿಗಿಯೆನಿಸಿದರೆ ಒಂದು ಮೀಟರು ಮೇಲೇರಿ ಮೆಲ್ಲನೆ ಯತ್ನಿಸಬೇಕು. ಆಗಲಿಲ್ಲವೋ, ಆ ದಿನದ ಮುಳುಗು ಅಲ್ಲಿಗೆ ಮುಗಿಯಿತು.

ಮೂಗು ಹಿಡಿದು ಊದುವ ಉಪಾಯವನ್ನು 1704ರಲ್ಲಿ ಕಿವಿಯ ಬಗ್ಗೆ ಗ್ರಂಥ ಬರೆದ ಇಟಲಿಯ ವಾಲ್ಸಾಲ್ವಾ ಎಂಬ ವೈದ್ಯನ ಹೆಸರಿನಿಂದ ಕರೆಯುತ್ತಾರೆ. ಆತನು ಅದನ್ನು ಹೇಳಿದ್ದು ಕಿವಿಯೊಳಗಿನ ಕೀವನ್ನು ಹೊರದೂಡಲಿಕ್ಕೆ, ಮುಳುಗುವವರಿಗಾಗಿ ಅಲ್ಲ! ಮೂಗು ಹಿಡಿದು ನುಂಗುವ ಕ್ರಮಕ್ಕೆ ಇಂಗ್ಲೆಂಡಿನ ಜೋಸೆಫ್ ಟಾಯ್ನ್‌ಬಿಯ ಹೆಸರಿದೆ. ಪಾಪ, ಆ ಪುಣ್ಯಾತ್ಮನು 1866ರಲ್ಲಿ ಕಿವಿಯ ಮೊರೆತಕ್ಕೆ ಮದ್ದು ಹುಡುಕುತ್ತ, ಕ್ಲೋರೋಫಾರ್ಮು ಮೊದಲಾದವುಗಳ ಆವಿಯನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡು ತೀರಿಹೋದನು. ನಮಗೆ ಹೆಚ್ಚು ಹಿಡಿಸಿದ ಉಪಾಯವೆಂದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಫ್ರೆಂಜೆಲ್ ಎಂಬ ವೈದ್ಯನು ವಿಮಾನ ಚಾಲಕರಿಗೆ ಕಲಿಸಿದ್ದು. ಮೂಗು ಹಿಡಿದು, ಗಂಟಲು ಮುಚ್ಚಿ, ‘ಕ್’ ಎನ್ನಲು ಹೊರಟಂತೆ ನಾಲಗೆಯ ಹಿಂಭಾಗವನ್ನು ಎತ್ತುವುದು. ಕವರ್ಗವು ಕಂಠ್ಯವೆಂದು ವ್ಯಾಕರಣದಲ್ಲಿ ಓದಿದ ಮಕ್ಕಳಿಗೆ ಇದು ಬೇಗ ಬರಬೇಕು. ಇದರಲ್ಲಿ ಎದೆಯ ಬಲ ಬೀಳುವುದಿಲ್ಲ. ಎದೆಯಿಂದ ಬಲವಾಗಿ ಊದಿದರೆ ಒಳಗಿವಿಯ ಸೂಕ್ಷ್ಮ ಪೊರೆಯೇ ಹರಿದು ಶಾಶ್ವತ ಕಿವುಡು ಬರುವ ಸಂಭವವುಂಟು.

ನೆಗಡಿಯಿದ್ದಾಗ ಇವಾವುವೂ ಫಲಿಸವು. ಮೂಗಿಗೆ ಔಷಧ ಹಾಕಿಕೊಂಡು ಇಳಿಯುವವರಿದ್ದಾರೆ. ನೀರಿನಡಿಯಲ್ಲಿ ಅದರ ಪ್ರಭಾವ ಇಳಿದರೆ, ಮೇಲೇರುವಾಗ ಹಿಗ್ಗುವ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಕಿವಿ ನೋಯುತ್ತದೆ. ಇಳಿಯದೆ ಉಳಿಯಬಹುದು, ಏರದೆ ಉಳಿಯಲಾದೀತೇ? ನಮ್ಮ ಕರಾವಳಿಯ ಬಂಡೆಗಳಲ್ಲಿ ಉಸಿರು ಕಟ್ಟಿ ಮುಳುಗಿ ಕಲ್ಲುಮ್ಮಕಾಯಿ ಕೀಳುವವರಿಗೂ ಈ ಒತ್ತಡದ ನಿಯಮವೇ ಅನ್ವಯಿಸುತ್ತದೆ.

ಇನ್ನು ಮೇಲೆ ಬಂದ ಬಳಿಕ. ಹೊರನಾಳದಲ್ಲಿ ನಿಂತ ನೀರು ತಲೆ ವಾಲಿಸಿದರೆ ಕುಲುಕುತ್ತದೆ, ಬೇಗನೆ ಹೋಗುತ್ತದೆ. ಒಂದೆರಡು ದಿನ ಕಳೆದು ತುರಿಕೆಯಾಗಿ, ಕಿವಿಯ ಹಾಲೆಯನ್ನೆಳೆದರೆ ನೋವಾದರೆ ಅದು ಹೊರನಾಳದ ಸೋಂಕು. ಮುಳುಗಿದ ದಿನದಿಂದಲೇ ಕಿವಿ ತುಂಬಿದಂತೆ, ತಮ್ಮ ದನಿಯೇ ತಮಗೆ ಕೊಡದೊಳಗಿನಿಂದ ಕೇಳಿದಂತೆ ಆಗುವುದಾದರೆ ಅದು ನಡುಗಿವಿಯ ಪೆಟ್ಟು. ಸಾಧಾರಣವಾದುದು ಕೆಲವು ದಿನಗಳಿಂದ ಎರಡು ವಾರಗಳೊಳಗೆ ಮಾಗುತ್ತದೆ. ಅಲ್ಲಿಯವರೆಗೆ ಮುಳುಗುವುದು ಬೇಡ, ಮೂಗು ಸೀಂಟುವುದು ಮೆಲ್ಲಗಿರಲಿ, ವೈದ್ಯರನ್ನು ಕೇಳದೆ ವಿಮಾನ ಏರುವುದು ಬೇಡ. ಎಣ್ಣೆ, ತೊಟ್ಟು ಮದ್ದು, ಬೆಂಕಿಕಡ್ಡಿ, ಕೂದಲಿನ ಪಿನ್ನು ಇವು ಯಾವುವೂ ಕಿವಿಯ ಬಳಿ ಸುಳಿಯಕೂಡದು. ಅಜ್ಜಿಯಂದಿರು ಕ್ಷಮಿಸಬೇಕು, ತಮಟೆ ಹರಿದಿದೆಯೋ ಇಲ್ಲವೋ ಎಂದು ಹೊರಗಿನಿಂದ ಯಾರಿಗೂ ಕಾಣದು. ನೋವು ಹೆಚ್ಚಾದರೆ, ರಕ್ತವೋ ಕೀವೋ ಬಂದರೆ ವೈದ್ಯರನ್ನು ಕಾಣಬೇಕು. ತಲೆ ತಿರುಗುತ್ತಲೇ ಇದ್ದರೆ, ಒಮ್ಮೆಲೇ ಕಿವಿ ಕೇಳಿಸದಿದ್ದರೆ, ಹೊಸದಾಗಿ ಜೋರಾದ ಮೊರೆತ ಹತ್ತಿದರೆ ಅದೇ ದಿನ ಹೋಗಬೇಕು. ಎಷ್ಟು ಆಳಕ್ಕೆ, ಎಷ್ಟು ಹೊತ್ತು ಮುಳುಗಿದ್ದೆವೆಂಬುದನ್ನು ಹೇಳಲೇಬೇಕು. ಏಕೆಂದರೆ ರಕ್ತದಲ್ಲಿ ಗಾಳಿಯ ಗುಳ್ಳೆಗಳೆದ್ದರೂ ತಲೆ ತಿರುಗುತ್ತದೆ, ಅದರ ಚಿಕಿತ್ಸೆಯೇ ಬೇರೆ.

ನಮ್ಮ ತರುಣನ ಕಿವಿಯ ರಂಧ್ರವು ಏಳನೆಯ ವಾರಕ್ಕೆ ತಾನಾಗಿ ಮುಚ್ಚಿತು. ಬಹುತೇಕ ಇಂತಹವು ಹಾಗೆಯೇ ಮಾಗುತ್ತವೆಯೆಂದು ವೈದ್ಯರು ಹೇಳಿದ್ದರು. ವಿಷು ಹಬ್ಬದ ಆಟಕ್ಕೆ ಆತನು ಮದ್ದಳೆ ನುಡಿಸಿದನು. ಶ್ರುತಿ ಸರಿಯಾಗಿತ್ತೆಂದು ಭಾಗವತರೇ ತಲೆದೂಗಿದರು. ಮತ್ತೊಮ್ಮೆ ನೇತ್ರಾಣಿಗೆ ಇಳಿಯಬಹುದೇ ಎಂದು ಆತನು ವೈದ್ಯರನ್ನು ಕೇಳಿದನಂತೆ. ಪೂರ್ಣ ಮಾಗಿದುದನ್ನು ತಾವು ಪರೀಕ್ಷಿಸಿದ ಮೇಲೆ, ನೆಗಡಿಯಿಲ್ಲದ ದಿನ, ಎರಡೂ ಕಿವಿ ಸುಲಭವಾಗಿ ಬಿಟ್ಟುಕೊಳ್ಳುವುದಾದರೆ ಅಡ್ಡಿಯಿಲ್ಲವೆಂದರಂತೆ. ಅಜ್ಜಿಯವರ ಅಪ್ಪಣೆ ಮಾತ್ರ ಇದುವರೆಗೆ ದೊರೆತಿಲ್ಲ.