ಅಭ್ಯರ್ಥಿಯ ಪರಿಚಯ ಮತ್ತು ಪತ್ರಿಕೆಗಳ ಹೊಣೆ



ಮತ ಹಾಕುವುದೆಂದರೆ ಈ ವ್ಯಕ್ತಿ ಯೋಗ್ಯನೆಂದು ಸಾಕ್ಷಿ ನುಡಿದಂತೆ ಎಂದು ಉಲಮಾಗಳು ಹೇಳುವುದನ್ನು ನೀವು ಕೇಳಿದ್ದೀರಿ. ಸಾಕ್ಷಿ ನುಡಿಯುವವನಿಗೆ ವಿಷಯ ಗೊತ್ತಿರಬೇಕಲ್ಲವೆ? ಆದರೆ ಶಿವಮೊಗ್ಗದ ಗಾಂಧಿಬಜಾರಿನ ವ್ಯಾಪಾರಿಗೋ ಭದ್ರಾವತಿಯ ಕೂಲಿಕಾರನಿಗೋ ಅಭ್ಯರ್ಥಿಯ ಆಸ್ತಿ, ಮೊಕದ್ದಮೆಗಳನ್ನು ಹುಡುಕಲು ಪುರುಸೊತ್ತೆಲ್ಲಿದೆ? ಅದು ಪತ್ರಿಕೆಗಳ ಕೆಲಸ.

ಅದನ್ನು ಮಾಡಿ ತೋರಿಸಿದವರು ನಮ್ಮ ಜಿಲ್ಲೆಯವರೇ. ಕೊನಗವಳ್ಳಿಯ ಪಿ. ಲಂಕೇಶರು 1980ರಲ್ಲಿ ವಾರಪತ್ರಿಕೆ ಆರಂಭಿಸಿದಾಗ ಜಾಹೀರಾತನ್ನೇ ನೆಚ್ಚಲಿಲ್ಲ. ಓದುಗರ ದುಡ್ಡಿನಿಂದ ನಡೆದ ಪತ್ರಿಕೆಗೆ ಗುಂಡೂರಾವ್ ಸರಕಾರವನ್ನು ಟೀಕಿಸಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಭಾಷೆ ಕೆಲವೊಮ್ಮೆ ಅತಿಯಾಗುತ್ತಿತ್ತು, ಅದು ಬೇರೆ ಮಾತು.

ಆಗ ಇಲ್ಲದ ಅನುಕೂಲ ಈಗ ಇದೆ. ಅಭ್ಯರ್ಥಿಗಳು ತಮ್ಮ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕೆಂದು 2002ರ ಮೇ 2ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸಂಸತ್ತು ಕಾಯಿದೆ ತಂದು ಅದನ್ನು ಮೊಟಕುಗೊಳಿಸಿದಾಗ 2003ರ ಮಾರ್ಚಿನಲ್ಲಿ ಕೋರ್ಟು ಆ ಕಲಮನ್ನೇ ರದ್ದುಮಾಡಿತು. 2018ರ ತೀರ್ಪಿನ ನಂತರ, ಮೊಕದ್ದಮೆ ಇರುವ ಅಭ್ಯರ್ಥಿ ಮತದಾನಕ್ಕೆ ಮುನ್ನ ಮೂರು ಬಾರಿ ಅದನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು. ಅಂಥವರಿಗೇ ಟಿಕೆಟ್ ಏಕೆ ಎಂದು ಪಕ್ಷವೂ ಕಾರಣ ಕೊಡಬೇಕು, ಗೆಲ್ಲುವ ಸಾಮರ್ಥ್ಯವೊಂದೇ ಕಾರಣವಾಗಕೂಡದು ಎಂದು 2020ರಲ್ಲಿ ಕೋರ್ಟು ಹೇಳಿತು.

ಇಷ್ಟಾದರೂ ಚುನಾವಣೆ ಬಂದಾಗ ನಾವು ಓದುವುದೇನು? ಲಿಂಗಾಯತರು ಇಷ್ಟು, ಒಕ್ಕಲಿಗರು ಇಷ್ಟು, ಮುಸ್ಲಿಮರು ಇಷ್ಟು. ನಮ್ಮ ಮೊಹಲ್ಲಾ ಒಂದು ಅಂಕಿಯಾಗಿ ಅಚ್ಚಾಗುತ್ತದೆ. ಅಲ್ಲಿನ ಉರ್ದು ಶಾಲೆಗೆ ಶಿಕ್ಷಕರಿದ್ದಾರೆಯೆ ಎಂದು ಅಭ್ಯರ್ಥಿಯನ್ನು ಕೇಳುವ ವರದಿಗಾರ ಅಪರೂಪ. ಪ್ರಮಾಣಪತ್ರವೂ ಯಾರು ಎಷ್ಟು ಕೋಟಿಯ ಒಡೆಯ ಎಂಬ ಒಂದು ದಿನದ ಸುದ್ದಿ. ಇನ್ನು ಕಾಸಿಗಾಗಿ ಸುದ್ದಿಯಂತೂ 2009ರ ಲೋಕಸಭಾ ಚುನಾವಣೆಯಲ್ಲಿ ಎಷ್ಟು ಹಬ್ಬಿತ್ತೆಂದರೆ, ಪ್ರೆಸ್ ಕೌನ್ಸಿಲ್ಲೇ ವಿಚಾರಣೆಗೆ ಇಳಿಯಬೇಕಾಯಿತು.

ಭದ್ರಾವತಿಯನ್ನೇ ನೋಡಿ. ಎಂ.ಜೆ. ಅಪ್ಪಾಜಿಗೌಡ, ಬಿ.ಕೆ. ಸಂಗಮೇಶ್ವರ ಅವರ ಪೈಪೋಟಿಯ ಬಗ್ಗೆ ವರ್ಷಗಟ್ಟಲೆ ಬರೆದದ್ದೇ ಬರೆದದ್ದು. ಅದೇ ಊರಿನ ಪೇಪರ್ ಟೌನಿನಲ್ಲಿ ಪತ್ರಿಕೆಗಳಿಗೆ ಬೇಕಾದ ಕಾಗದವೇ ತಯಾರಾಗುತ್ತಿತ್ತು. ಆ ಕಾರ್ಖಾನೆ ನಿಂತುಹೋಯಿತು. ವಿಶ್ವೇಶ್ವರಯ್ಯ ಕಬ್ಬಿಣ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ವಿಧಾನಸಭಾ ಚುನಾವಣೆಗೆ ನಾಲ್ಕು ತಿಂಗಳಿರುವಾಗ ಬಂತು. ಯಾವ ಪಕ್ಷದ ಯಾರು, ಯಾವ ವರ್ಷ, ಈ ಎರಡು ಕಾರ್ಖಾನೆಗಳ ಬಗ್ಗೆ ಏನು ಮಾತು ಕೊಟ್ಟಿದ್ದರು ಎಂದು ಒಟ್ಟಿಗೆ ಇಟ್ಟು ತೋರಿಸಿದ ಪುಟ ನನ್ನ ಕಣ್ಣಿಗೆ ಬಿದ್ದಿಲ್ಲ.

ವಿದ್ಯಾರ್ಥಿಗಳೆ, ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಬೇಡಿ ಎಂಬ ಆದೇಶ ಸೂರಃ ಅಲ್‌ಹುಜುರಾತ್‌ನ 6ನೇ ವಚನದಲ್ಲಿದೆ. ಮೊಬೈಲಿನಲ್ಲಿ ಬರುವ, ನಮಗೆ ಹಿತವಾದ ಸುದ್ದಿಗೂ ಅದು ಅನ್ವಯಿಸುತ್ತದೆ. ಅಭ್ಯರ್ಥಿಗಳ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತದೆ. ನಿಮ್ಮ ಕ್ಷೇತ್ರದ ಒಬ್ಬ ಅಭ್ಯರ್ಥಿಯ 2018 ಮತ್ತು 2023ರ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಸುಳ್ಳು ಮಾಹಿತಿಗೆ ಪ್ರಜಾಪ್ರತಿನಿಧಿ ಕಾಯಿದೆಯ 125ಎ ಕಲಮಿನಂತೆ ಆರು ತಿಂಗಳ ತನಕ ಸಜೆ ಇದೆ. ಲೆಕ್ಕ ತಾಳೆಯಾಗದಿದ್ದರೆ ಸಂಪಾದಕರಿಗೆ ಪತ್ರ ಬರೆಯಿರಿ, ಕೆಳಗೆ ನಿಮ್ಮ ಹೆಸರು ಹಾಕಿ.