ಚಿಪ್ಪಿನೊಳಗಿನ ಎರಡು ದಿನ

ಬ್ರೆಜಿಲ್ ದೇಶದ ಹಳ್ಳಕೊಳ್ಳಗಳಲ್ಲಿ ಬಯೋಮ್ಫಲೇರಿಯ ಎಂಬ ಬಸವನಹುಳು ಇದೆ. ಚಿಪ್ಪು ಚಪ್ಪಟೆ. ಎಷ್ಟೋ ಬಸವನಹುಳುಗಳ ರಕ್ತ ನಸುನೀಲಿ. ಇದರದು ನಮ್ಮ ಹಾಗೆಯೇ ಕೆಂಪು, ಹಿಮೋಗ್ಲೋಬಿನ್ ಇರುವುದರಿಂದ.

ಇದಕ್ಕೊಂದು ಶತ್ರು ಇದೆ, ಶಿಸ್ಟೊಸೋಮ ಎಂಬ ಪರಾವಲಂಬಿ ಹುಳು. ನೀರಿನಲ್ಲಿ ಅದರ ಮೊಟ್ಟೆ ಒಡೆದು ಸಣ್ಣದೊಂದು ಮರಿ ಹೊರಬರುತ್ತದೆ. ಮೈತುಂಬ ರೋಮ, ಅದರಿಂದಲೇ ಈಜಾಟ. ಮರಿ ಏನನ್ನೂ ತಿನ್ನುವುದಿಲ್ಲ. ಮೊಟ್ಟೆಯಿಂದ ತಂದ ಶಕ್ತಿ ತೀರುವುದರೊಳಗೆ, ಅಂದರೆ ಕೆಲವೇ ಗಂಟೆಗಳಲ್ಲಿ, ಬಸವನಹುಳು ಸಿಗಲೇಬೇಕು. ಸಿಕ್ಕಿತೋ, ಮೆತ್ತನೆಯ ಮೈಯನ್ನು ಕೊರೆದು ಒಳಹೊಕ್ಕು, ರೋಮ ಕಳಚಿಕೊಂಡು ಅಲ್ಲೇ ನೆಲೆಯೂರುತ್ತದೆ.

ರೋಗಾಣು ಬಂದರೆ ನಮ್ಮ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಬಸವನಹುಳುವಿಗೆ ಪ್ರತಿಕಾಯಗಳೇ ಇಲ್ಲ. ಹಾಗಂತ ಅದು ಸುಮ್ಮನೆ ಸೋಲುವುದಿಲ್ಲ! ಅದರ ರಕ್ತದಲ್ಲಿ ಹಿಮೋಸೈಟ್ ಎಂಬ ಕಾವಲು ಕೋಶಗಳು ಅಲೆಯುತ್ತಿರುತ್ತವೆ. ಬೆಲ್ಲದ ಚೂರಿಗೆ ಇರುವೆ ಮುತ್ತಿದ ಹಾಗೆ ಅವು ಮರಿಯನ್ನು ಮುತ್ತಿ, ಪದರದ ಮೇಲೆ ಪದರ ಕಟ್ಟುತ್ತವೆ. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಸುತ್ತವೆ. ಗಾಯ ತೊಳೆಯುವಾಗ ನೊರೆ ಬರುತ್ತದಲ್ಲ, ಅದೇ ರಾಸಾಯನಿಕ. ಗಟ್ಟಿ ತಳಿಯ ಬಸವನಹುಳುವಿನಲ್ಲಿ ಒಂದೆರಡು ದಿನಗಳಲ್ಲೇ ಮರಿ ಸತ್ತುಹೋಗುತ್ತದೆ.

ಕಣ್ಣಿಲ್ಲದ ಕೋಶಕ್ಕೆ ಶತ್ರು ಯಾರೆಂದು ತಿಳಿಯುವುದು ಹೇಗೆ? ರಕ್ತದಲ್ಲಿರುವ ಫ್ರೆಪ್ ಎಂಬ ಪ್ರೋಟೀನುಗಳು ಹೋಗಿ ಮರಿಗೆ ಅಂಟಿಕೊಂಡು ಗುರುತು ಹಾಕುತ್ತವೆ. ಅಮೆರಿಕದ ನ್ಯೂ ಮೆಕ್ಸಿಕೊದ ವಿಜ್ಞಾನಿಗಳು 2004ರಲ್ಲಿ ಒಂದು ಸೊಗಸಾದ ಸಂಗತಿ ತೋರಿಸಿದರು: ಒಂದೇ ಬಸವನಹುಳುವಿನ ಬೇರೆ ಬೇರೆ ಕೋಶಗಳು ಫ್ರೆಪ್ ಜೀನನ್ನು ಅಷ್ಟಿಷ್ಟು ಬದಲಿಸಿಕೊಂಡು ತರತರದ ಫ್ರೆಪ್‌ಗಳನ್ನು ಮಾಡುತ್ತವೆ. ಅಂಥ ಜಾಣ್ಮೆ ಬೆನ್ನೆಲುಬಿರುವ ಪ್ರಾಣಿಗಳಿಗೆ ಮಾತ್ರ ಉಂಟು ಎಂದು ಬಹುಕಾಲ ನಂಬಿದ್ದೆವು. ನನಗಂತೂ ಇಡೀ ಕಥೆಯಲ್ಲಿ ತುಂಬ ಇಷ್ಟವಾಗುವುದು ಇದೇ.

ಹುಳುವೂ ಕಡಿಮೆಯಲ್ಲ. ಬಸವನಹುಳುವಿನ ಮೈಯಲ್ಲಿರುವಂಥದ್ದೇ ಸಕ್ಕರೆ ಅಣುಗಳನ್ನು ಹೊದ್ದು ವೇಷ ಹಾಕುತ್ತದೆ. ಕಾವಲು ಕೋಶಗಳನ್ನು ಮಂಕಾಗಿಸುವ ವಸ್ತುಗಳನ್ನೂ ಸ್ರವಿಸುತ್ತದೆ. ಅದು ಗೆದ್ದರೆ ನಾಲ್ಕೈದು ವಾರಗಳಲ್ಲಿ ಕವಲುಬಾಲದ ಸಾವಿರಾರು ಮರಿಗಳು ಹೊರಬೀಳುತ್ತವೆ. ಬಸವನಹುಳು ಬದುಕಿರುತ್ತದೆ, ಆದರೆ ಮೊಟ್ಟೆಯಿಡುವುದು ಬಹುಮಟ್ಟಿಗೆ ನಿಂತುಹೋಗುತ್ತದೆ.

ಆ ಮರಿಗಳು ನೀರಿಗಿಳಿದ ಮನುಷ್ಯರ ಚರ್ಮವನ್ನು ಕೊರೆದು ಒಳಸೇರುತ್ತವೆ. ಬ್ರೆಜಿಲ್‌ನಲ್ಲಿ, ಅದಕ್ಕಿಂತ ಹೆಚ್ಚಾಗಿ ಆಫ್ರಿಕಾದಲ್ಲಿ, ಕೆರೆಯಲ್ಲಿ ಆಡುವ ನಿಮ್ಮ ವಯಸ್ಸಿನ ಮಕ್ಕಳು ಇದರಿಂದ ಸೊರಗುತ್ತಾರೆ. ಆಫ್ರಿಕಾದಲ್ಲಿ ಹುಳುವನ್ನು ಹೊರುವುದು ಇದೇ ಬಳಗದ ಬೇರೆ ಬಸವನಹುಳುಗಳು. ನಮ್ಮ ಕೆರೆಗಳಲ್ಲೂ ಇವುಗಳ ನೆಂಟ ಬಸವನಹುಳು ಒಂದಿದೆ. ಅದು ಹರಡುವುದು ದನಗಳ ಮೂಗಿಗೆ ಬರುವ ಗೊರಕೆ ರೋಗವನ್ನು.

ಅದಕ್ಕೇ ಬಸವನಹುಳುವಿನ ಗೆಲುವು ನಮಗೂ ಬೇಕು. ಫ್ರಾನ್ಸಿನ ಪರ್ಪಿನ್ಯಾನ್‌ನಲ್ಲಿ ಕೆಲಸ ಮಾಡುವ ಸಂಶೋಧಕರು ಇನ್ನೊಂದು ವಿಷಯ ಕಂಡುಕೊಂಡರು. ಒಮ್ಮೆ ಈ ಹುಳುವಿನ ಪರಿಚಯವಾದ ಬಸವನಹುಳುವಿಗೆ ಅದರ ನೆನಪು ಉಳಿಯುತ್ತದೆ. ಅದೇ ಬಗೆಯ ಮರಿ ಮತ್ತೆ ಒಳಹೊಕ್ಕರೆ ಕೋಶಗಳು ಮುತ್ತಿ ಪದರ ಕಟ್ಟಬೇಕಾಗಿಯೇ ಇಲ್ಲ. ರಕ್ತದ ದ್ರವದಲ್ಲಿ ಕರಗಿರುವ ಪ್ರೋಟೀನುಗಳೇ ಅದನ್ನು ಮುಗಿಸಿಬಿಡುತ್ತವೆ.