ಪದವಿಯ ಬೆಲೆ, ಸಾಲದ ಲೆಕ್ಕ



ವಿದ್ಯೆಗೆ ಬೆಲೆ ಕಟ್ಟಲಾಗದೆಂಬ ಮಾತು ನಿಜವೇ. ಆದರೆ ಕಾಲೇಜಿನ ಶುಲ್ಕಕ್ಕೆ ಬೆಲೆಯುಂಟು. ಅದನ್ನು ಸಾಲದಿಂದ ಭರಿಸುವ ಕುಟುಂಬ ಮೊದಲೇ ಲೆಕ್ಕ ಹಾಕುವುದು ಲೇಸು.

ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ 4 ಲಕ್ಷ ರೂಪಾಯಿಗಳವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ. ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಹಾಕಬೇಕು. ವ್ಯಾಸಂಗ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಹಲವರು ತಪ್ಪು ತಿಳಿಯುವುದು ಇಲ್ಲಿಯೇ. ಕಂತಿಗೆ ಬಿಡುವುಂಟು, ಬಡ್ಡಿಗಿಲ್ಲ. ನಾಲ್ಕು ವರ್ಷಗಳ ವ್ಯಾಸಂಗಕ್ಕೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ ಪಡೆದರೆ, ಶೇಕಡ 10ರ ಸರಳ ಬಡ್ಡಿಯೇ ಐದನೆಯ ವರ್ಷದ ಕೊನೆಗೆ 1,40,000 ರೂಪಾಯಿ ಆಗುತ್ತದೆ. ಒಟ್ಟು 5,40,000 ರೂಪಾಯಿಗಳನ್ನು ಅದೇ ದರದಲ್ಲಿ ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,100 ರೂಪಾಯಿ ಬೇಕು. ಮುಂಬಯಿಯಲ್ಲೋ ದೆಹಲಿಯಲ್ಲೋ ಬಾಡಿಗೆ ಕೊಠಡಿಯಲ್ಲಿದ್ದು 20,000 ರೂಪಾಯಿ ವೇತನ ಪಡೆಯುವವನಿಗೆ ಇದು ಕಡು ಭಾರ; 40,000 ಪಡೆಯುವವಳಿಗೆ ಅಷ್ಟಲ್ಲ. ಆದುದರಿಂದ ಪ್ರವೇಶಕ್ಕೆ ಮುನ್ನ, ಆ ಕಾಲೇಜಿನಿಂದ ಹಿಂದಿನ ವರ್ಷ ಹೊರಬಂದವರನ್ನೇ ಕಂಡು ವೇತನ ವಿಚಾರಿಸಿರಿ. ಪರಿಚಯ ಪುಸ್ತಿಕೆಗಳು ಅತ್ಯಧಿಕ ವೇತನವನ್ನಷ್ಟೇ ದಪ್ಪಕ್ಷರದಲ್ಲಿ ಮುದ್ರಿಸುವುದುಂಟು! ಸಾಧ್ಯವಿದ್ದವರು ವ್ಯಾಸಂಗದ ಕಾಲದಲ್ಲೇ ಬಡ್ಡಿ ಕಟ್ಟುತ್ತ ಬಂದರೆ ಸಾಲ ಬೆಳೆಯದು.

2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಗೆ ಸೇರಿದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವಾಗಲಿ ಜಾಮೀನಾಗಲಿ ಬೇಡ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದವರೆಗಿರುವ ಅರ್ಹರಿಗೆ, 10 ಲಕ್ಷದವರೆಗಿನ ಸಾಲದ ಮೇಲೆ, ಬಿಡುವಿನ ಅವಧಿಯ ಬಡ್ಡಿಯಲ್ಲಿ ಶೇಕಡ 3ರ ರಿಯಾಯಿತಿಯೂ ಉಂಟು. ತಮ್ಮ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಬೇಕು.